ಬೇರೆ ಕಂಪನಿಯ ಮಾತ್ರೆ

ಜೂನ್ 4, ಬುಧವಾರ

ಮಗನ ಹೆಂಡತಿಯ ಮಾತ್ರೆ ಅಂಗಡಿಯಲ್ಲಿ ಇಲ್ಲವಂತೆ. ಸಾಯಂಕಾಲ ಕೆಲಸದಿಂದ ಬಂದವಳು ಚೀಲ ಇಳಿಸಿ ಅಷ್ಟು ಹೇಳಿ ಒಳಗೆ ಹೋದಳು. ನಾವಿಬ್ಬರೂ ಒಂದು ವಾಕ್ಯದ ಮೇಲೆ ಎರಡನೆಯದು ಆಡುವವರಲ್ಲ. ಮಗ ಮನೆಯಲ್ಲಿದ್ದರೆ ಆ ಕಡೆಯ ಮಾತನ್ನು ಈ ಕಡೆಗೆ ಅವನೇ ದಾಟಿಸುತ್ತಿದ್ದ. ಅವನು ಸೇತುವೆ ಕಟ್ಟುವ ಕಡೆ ವೆಲ್ಡಿಂಗ್ ಕೆಲಸಕ್ಕೆ ಹೋಗಿ ಎರಡು ತಿಂಗಳಾಯಿತು. ಇನ್ನೂ ನಾಲ್ಕು ತಿಂಗಳು ಹಿಡಿಯುತ್ತದಂತೆ.

ಅವಳಿಗೆ ಫಿಟ್ಸ್ ಇದೆ, ಹದಿಮೂರನೇ ವಯಸ್ಸಿನಿಂದ. ಮದುವೆಗೆ ಮುಂಚೆಯೇ ಮಗನಿಗೆ ಹೇಳಿದ್ದಳು. ಅವನು ನನಗೆ ಹೇಳಿದ್ದು ಮದುವೆಯಾಗಿ ಆರು ತಿಂಗಳ ಮೇಲೆ. ಆ ಮುನಿಸು ನನ್ನ ಹೊಟ್ಟೆಯಲ್ಲಿ ಇನ್ನೂ ಕರಗಿಲ್ಲ. ನೀಲಿ ಡಬ್ಬಿಯ ಆ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾಳೆ. ನಾಲ್ಕು ವರ್ಷದಿಂದ ಒಮ್ಮೆಯೂ ಬಿದ್ದಿಲ್ಲ. ಈಗ ಇರುವುದು ಒಂಬತ್ತು ದಿನಕ್ಕೆ ಆಗುವಷ್ಟು.

ಇದನ್ನೆಲ್ಲ ಯಾಕೆ ಬರೆಯುತ್ತೇನೋ. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಬಿಡಿಭಾಗ ಪರೀಕ್ಷೆ ಮಾಡಿ ದಿನವೂ ವರದಿ ಬರೆದ ಕೈ. ನಿವೃತ್ತಿ ನನಗಾಯಿತು, ಕೈಗಾಗಲಿಲ್ಲ.

ಜೂನ್ 5, ಗುರುವಾರ

ನಾನೇ ಔಷಧಿ ಅಂಗಡಿಗೆ ಹೋದೆ. ಅಂಗಡಿ ನಡೆಸುವವಳು ಐವತ್ತರ ಆಸುಪಾಸಿನ ಹೆಂಗಸು. ಚೀಟಿಯನ್ನು ಎರಡು ಸಲ ಓದದೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ. ಅವಳಿಗೆ ನಾನಿಟ್ಟ ಹೆಸರು ಇನ್‌ಸ್ಪೆಕ್ಟರಮ್ಮ.

"ಆ ಕಂಪನಿಯ ಫ್ಯಾಕ್ಟರಿ ರಿಪೇರಿಗೆ ಮುಚ್ಚಿದೆಯಂತೆ ಯಜಮಾನ್ರೇ. ಯಾವಾಗ ಬರುತ್ತೋ ಅವರಿಗೇ ಗೊತ್ತಿಲ್ಲ. ಅದೇ ಔಷಧಿ ಬೇರೆ ಕಂಪನಿಯದ್ದು ಇದೆ, ಜನರಿಕ್. ಆದ್ರೆ ಇದು ಫಿಟ್ಸ್ ಮಾತ್ರೆ, ನಾನಾಗಿ ಬದಲಾಯಿಸಿ ಕೊಡಲ್ಲ. ಸೊಸೇನ ಡಾಕ್ಟರ್ ಹತ್ರ ಕಳಿಸಿ, ಅವರು ಬರೆದುಕೊಡಲಿ."

"ಡೂಪ್ಲಿಕೇಟ್ ಮಾಲು ನಮಗೆ ಬೇಡಮ್ಮ," ಅಂದೆ.

"ಡೂಪ್ಲಿಕೇಟ್ ಅಂದ್ರೆ ಕಳ್ಳ ಮಾಲು. ಇದು ಲೈಸೆನ್ಸ್ ಇರೋ ಕಂಪನಿ, ಅದೇ ಔಷಧಿ, ಅಷ್ಟೇ ತೂಕ. ಹೆಸರು ಬೇರೆ, ಅಷ್ಟೇ." ಆಮೇಲೆ ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದಳು. ಹೇಳಿದೆ.

"ಬಸ್ಸಿನ ಬೇರಿಂಗು ಬಸ್ ಮಾಡೋ ಕಂಪನಿಯೇ ಮಾಡ್ತಿತ್ತಾ?"

"ಇಲ್ಲ. ಮೂರು ಬೇರೆ ಕಂಪನಿ ಕಳಿಸ್ತಿದ್ವು."

"ಮೂರನ್ನೂ ಹಾಕ್ತಿದ್ರಾ?"

"ಅಳತೆ ಸರಿ ಇದ್ರೆ ಹಾಕ್ತಿದ್ವಿ."

ಅವಳು ಮುಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದಳು. ನಾನು ನಮ್ಮ ಚೀಟಿ ಮಡಚಿಕೊಂಡು ಹೊರಟು ಬಂದೆ. ಬೇರಿಂಗಿಗೆ ಅಳತೆಯ ಸಾಧನ ನನ್ನ ಕೈಯಲ್ಲಿತ್ತು. ಮಾತ್ರೆಯನ್ನು ಯಾವುದರಲ್ಲಿ ಅಳೆಯಲಿ? ದಾರಿಯಲ್ಲಿ ಹೊಳೆದ ಈ ಉತ್ತರ ಅಲ್ಲೇ ಹೊಳೆಯಬಾರದಿತ್ತೇ.

ಜೂನ್ 7, ಶನಿವಾರ

ಎರಡು ದಿನದಲ್ಲಿ ಹದಿನಾಲ್ಕು ಅಂಗಡಿ. ಎಲ್ಲಾ ಕಡೆ ಒಂದೇ ಪಾಠ: ಇಲ್ಲ, ಬೇರೆ ಕಂಪನಿಯದ್ದು ಕೊಡಲಾ? ಮೊಣಕಾಲು ಮಾತು ಕೇಳುತ್ತಿಲ್ಲ.

ಜೂನ್ 10, ಮಂಗಳವಾರ

ಸಿಕ್ಕಿತು!

ಸಗಟು ಅಂಗಡಿಗಳ ಬೀದಿಯಲ್ಲಿ, ಎರಡು ಗೋದಾಮುಗಳ ನಡುವಿನ ಸಂದಿಯಲ್ಲಿ ಒಬ್ಬ. ಯಾರೋ ಕೈ ತೋರಿಸಿದರು, ಹೋದೆ. ಅದೇ ನೀಲಿ ಡಬ್ಬಿ, ಅದೇ ಹೆಸರು, ಎರಡು ತಿಂಗಳಿಗೆ ಆಗುವಷ್ಟು. ಬಿಲ್ ಕೇಳಿದರೆ ನಕ್ಕು, "ಎಲ್ಲೂ ಸಿಗದೇ ಇರೋ ಮಾಲಿಗೆ ಬಿಲ್ಲು ಬೇರೆ ಕೇಳ್ತೀರಲ್ಲ ಯಜಮಾನ್ರೇ," ಅಂದ. ನಾನೂ ನಕ್ಕೆ.

ಊಟದ ಮೇಜಿನ ಮೇಲೆ ಡಬ್ಬಿ ಇಟ್ಟೆ. ಮಗನ ಹೆಂಡತಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಎಲ್ಲಿ ಸಿಕ್ತು ಮಾವ?"

"ಸಿಕ್ತಲ್ಲ, ತಗೋ."

"ಬೇರೆ ಕಂಪನಿಯದ್ದು ಶುರು ಮಾಡ್ಲಾ ಅಂತ ಕೇಳೋಕೆ ಶುಕ್ರವಾರ ಡಾಕ್ಟರ್ ಹತ್ರ ಟೈಮ್ ತಗೊಂಡಿದ್ದೆ."

"ಒರಿಜಿನಲ್ಲೇ ಕೈಯಲ್ಲಿರುವಾಗ ಅದೆಲ್ಲ ಯಾಕೆ? ಬರಲ್ಲ ಅಂತ ಹೇಳಿಬಿಡು."

ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿದ್ದು ಕೇಳಿಸಿತು. ಮಗನಿಗೆ ನಾನೇ ಸುದ್ದಿ ಕೊಟ್ಟೆ. "ಅಪ್ಪ, ನೀವು ಇಲ್ಲದಿದ್ರೆ ಏನ್ ಗತಿ," ಅಂದ. ಮನಸ್ಸಿಗೆ ಹಿತವಾಯಿತು.

ಜೂನ್ 17, ಮಂಗಳವಾರ

ಬಿದ್ದಳು.

ಬೆಳಿಗ್ಗೆ ಏಳೂಕಾಲು. ತಟ್ಟೆ ತೊಳೆಯುತ್ತಿದ್ದಳು. ‘ಮಾ’ ಅಂದಳು, ‘ವ’ ಬರಲಿಲ್ಲ. ಕುರ್ಚಿ ದೂರ ತಳ್ಳಿದೆ, ಪಕ್ಕಕ್ಕೆ ಹೊರಳಿಸಿದೆ, ತಲೆಯ ಕೆಳಗೆ ಟವೆಲ್ ಇಟ್ಟೆ, ಗಡಿಯಾರ ನೋಡಿದೆ. ಮಗ ಹೋಗುವ ಮುಂಚೆ ಇದನ್ನೆಲ್ಲ ಹೇಳಿಕೊಟ್ಟಾಗ ಅರ್ಧ ಕಿವಿಯಲ್ಲಿ ಕೇಳಿದ್ದೆ. ಎರಡು ನಿಮಿಷ, ಹತ್ತು ಸೆಕೆಂಡ್. ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ಆಮೇಲೆ ಅಲ್ಲೇ ನಿದ್ದೆ ಹೋದಳು. ನಾನೂ ನೆಲದ ಮೇಲೆಯೇ ಕೂತಿದ್ದೆ.

ಪೂರ್ತಿ ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು: "ಗಾಬರಿಯಾದ್ರಾ ಮಾವ?"

ಬರೆಯಲು ಆಗುತ್ತಿಲ್ಲ.

ಜೂನ್ 18, ಬುಧವಾರ

ಹಳೆಯ ಡಬ್ಬಿಯ ಮಾತ್ರೆ ಶುಕ್ರವಾರ ಮುಗಿದಿತ್ತು. ಅಂದಿನಿಂದ ನಾನು ತಂದದ್ದನ್ನೇ ನುಂಗುತ್ತಿದ್ದಳು. ಐದನೇ ದಿನ ಬಿದ್ದಳು. ಈ ಲೆಕ್ಕ ತಲೆಯಲ್ಲಿ ಕೊರೆಯತೊಡಗಿ ಡಬ್ಬಿ ತೆಗೆದುಕೊಂಡು ಇನ್‌ಸ್ಪೆಕ್ಟರಮ್ಮನ ಬಳಿ ಹೋದೆ.

ಅವಳು ಭೂತಗನ್ನಡಿ ಹಿಡಿದಳು. ಡಬ್ಬಿಯ ಮೇಲೆ ಒಂದು ಬ್ಯಾಚ್ ನಂಬರ್, ಒಳಗಿನ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಇನ್ನೊಂದು. ಉಗುರಿನಿಂದ ಕೆರೆದಳು, ತಾರೀಖಿನ ಶಾಯಿ ಎದ್ದು ಬಂತು.

"ಬಿಲ್ ಎಲ್ಲಿ?"

"ಕೊಡಲಿಲ್ಲ," ಅಂದೆ.

"ಇದು ಆ ಕಂಪನಿಯದ್ದಲ್ಲ ಯಜಮಾನ್ರೇ. ಒಳಗೆ ಔಷಧಿ ಇದೆಯೋ ಸುಣ್ಣದ ಪುಡಿ ಇದೆಯೋ ದೇವರಿಗೇ ಗೊತ್ತು. ನೀವು ಅವತ್ತು ಡೂಪ್ಲಿಕೇಟ್ ಅಂದ್ರಲ್ಲ, ಅದು ಇದು."

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂರಿಸಿ ನೀರು ಕೊಟ್ಟಳು. "ಮೊದಲು ಹುಡುಗೀನ ನಾಳೆಯೇ ಡಾಕ್ಟರಿಗೆ ತೋರಿಸಿ. ನಾನೂ ಫೋನ್ ಮಾಡಿ ಹೇಳ್ತೀನಿ," ಅಂದಳು. ಹಾಗೇ ಡಾಕ್ಟರಿಗೆ ಫೋನ್ ಮಾಡಿ ಇವತ್ತೇ ಏನು ಕೊಡಬೇಕೆಂದು ಕೇಳಿ, ಅವರು ಹೇಳಿದ್ದನ್ನು ಕೊಟ್ಟು ಕಳಿಸಿದಳು.

ಮೂವತ್ತನಾಲ್ಕು ವರ್ಷ ಬಿಲ್ಲಿಲ್ಲದ ಒಂದು ಬೋಲ್ಟನ್ನೂ ಡಿಪೋದ ಗೇಟಿನೊಳಗೆ ಬಿಟ್ಟವನಲ್ಲ ನಾನು. ಸ್ವಂತ ಮನೆಯೊಳಗೆ, ಊಟದ ಮೇಜಿನ ಮೇಲೆ ಇಟ್ಟೆ.

ಸೊಸೆಗೆ ಎಲ್ಲ ಹೇಳಿದೆ. ಸಂದಿ, ನಗು, ಬಿಲ್ಲು, ಒಂದನ್ನೂ ಬಿಡದೆ. ಮಂಚದ ಮೇಲೆ ಕೂತು ನಾನು ಮುಗಿಸುವವರೆಗೂ ಕೇಳಿದಳು. ನಾಲಿಗೆ ಊದಿಕೊಂಡು ಮಾತು ತಡವರಿಸುತ್ತಿತ್ತು.

"ಮಾವ, ನನಗೋಸ್ಕರ ಓಡಾಡಿದ್ರಿ, ಗೊತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ತಾ ಇದ್ದಿದ್ದೂ ನೋಡಿದೀನಿ. ಆದ್ರೆ ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಡಾಕ್ಟರ್ ಹತ್ರ ಹೋಗೋದೂ ಬೇಡ ಅಂದ್ರಿ. ತಲೆ ನಂದು ಅಲ್ವಾ?"

"ಹೌದು."

"ನಾನೂ ತಪ್ಪು ಮಾಡ್ದೆ. ಎಲ್ಲಿಂದ ತಂದ್ರಿ ಅಂತ ಇನ್ನೊಂದು ಸಲ ಕೇಳಬೇಕಿತ್ತು. ನಿಮ್ಮ ಹತ್ರ ಮಾತಾಡೋಕೆ ಹೆದರಿಕೆ ನನಗೆ."

ನಾನು ಯಾರ ಮೇಲೂ ಕೈ ಎತ್ತಿದವನಲ್ಲ, ಗಟ್ಟಿಯಾಗಿ ಗದರಿದವನೂ ಅಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗೆ ಒಬ್ಬಳು ನನಗೆ ಹೆದರಿಕೊಂಡು ಇದ್ದಳಂತೆ.

ಜೂನ್ 19, ಗುರುವಾರ

ಡಾಕ್ಟರ್ ಬಳಿ ಹೋಗಿ ಬಂದೆವು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅವಳೇ ಬಾಗಿಲು ತೆಗೆದು, "ಒಳಗೆ ಬನ್ನಿ ಮಾವ, ನೀವೂ ಕೇಳಿಸ್ಕೊಳ್ಳಿ," ಅಂದಳು.

ಡಾಕ್ಟರ್ ಚಿಕ್ಕ ವಯಸ್ಸಿನವರು, ಬಿಡಿಸಿ ಹೇಳಿದರು. ಜನರಿಕ್ ಮಾತ್ರೆಯಲ್ಲಿ ಇರುವುದು ಅದೇ ಔಷಧಿ. ಆದರೆ ಫಿಟ್ಸ್ ಇರುವವರು ತಿಂಗಳಿಗೊಂದು ಕಂಪನಿ ಬದಲಾಯಿಸಬಾರದು, ಒಂದನ್ನು ಹಿಡಿದರೆ ಅದನ್ನೇ ಹಿಡಿಯಬೇಕು. ಎರಡು ವಾರದ ಮೇಲೆ ರಕ್ತ ಪರೀಕ್ಷೆ, ಔಷಧಿ ಎಷ್ಟು ನಿಂತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಮೂರು ತಿಂಗಳು ಯಂತ್ರದ ಮುಂದೆ ಕೂರುವ ಹಾಗಿಲ್ಲ.

ಇದೇ ದೊಡ್ಡ ಪೆಟ್ಟು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಉಜ್ಜುವ ಚಕ್ರದ ಮುಂದೆ ಗಾಜನ್ನು ಎರಡು ಬೆರಳಲ್ಲಿ ಹಿಡಿದು ಚೌಕಟ್ಟಿಗೆ ಕೂದಲೆಳೆಯಷ್ಟು ಸರಿಯಾಗಿ ಕೂರಿಸುತ್ತಾಳೆ. ಕಾಯಿಲೆಯ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ.

"ಏನಂತ ಹೇಳ್ತೀಯಾ? ಕೈ ಉಳುಕಿದೆ ಅಂತ ಹೇಳು," ಅಂದೆ ಬಸ್ಸಿನಲ್ಲಿ.

"ಯೋಚನೆ ಮಾಡ್ತೀನಿ," ಅಂದಳು.

ಜೂನ್ 24, ಮಂಗಳವಾರ

ಆ ಡಬ್ಬಿಯನ್ನು ಕಸಕ್ಕೆ ಹಾಕೋಣವೆಂದಿದ್ದೆ. ಸೊಸೆ ಕೈ ತಡೆದಳು. "ಅವನ ಹತ್ರ ಇನ್ನೂ ಎಷ್ಟು ಡಬ್ಬಿ ಇದೆಯೋ. ಇನ್ನೊಬ್ಬರು ತಗೊಂಡು ಹೋಗಿ ಮಗುವಿಗೆ ಕೊಟ್ರೆ?"

ಔಷಧಿ ನಿಯಂತ್ರಣ ಕಚೇರಿಗೆ ನಾವಿಬ್ಬರೂ, ಜೊತೆಗೆ ಇನ್‌ಸ್ಪೆಕ್ಟರಮ್ಮನೂ ಹೋದೆವು. ಅವಳು ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ನಮ್ಮ ಸರದಿ ಬರುವ ಹೊತ್ತಿಗೆ ಹಿಂದೆ ಏಳೆಂಟು ಜನ ನಿಂತಿದ್ದರು. ಗುಮಾಸ್ತ ತಲೆ ಎತ್ತದೆ, "ಏನು ತೊಂದರೆ?" ಅಂದ. ನಾನು ಸುತ್ತಿ ಬಳಸಿ ಶುರು ಮಾಡುವಷ್ಟರಲ್ಲಿ ಸೊಸೆ ಮುಂದೆ ಬಂದಳು.

"ನನಗೆ ಫಿಟ್ಸ್ ಇದೆ. ಈ ಮಾತ್ರೆ ತಗೊಂಡು ಐದನೇ ದಿನ ಬಿದ್ದೆ. ಇದು ನಕಲಿ. ದೂರು ಬರ್ಕೊಳ್ಳಿ."

ಗುಮಾಸ್ತನ ತಲೆ ಮೇಲೆ ಬಂತು. ಹಿಂದಿದ್ದವರ ಪಿಸುಪಿಸು ನಿಂತಿತು. ನನಗೆ ಮೈ ಬೆಚ್ಚಗಾಯಿತು, ನಾಚಿಕೆಯಿಂದಲ್ಲ. ಮಾರಿದವನ ಚಹರೆ, ಸಂದಿ, ಹೊತ್ತು, ಎಲ್ಲ ನಾನು ಬರೆಸಿದೆ. ವರದಿ ಬರೆಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರಮ್ಮ ಸೊಸೆಯ ಬೆನ್ನು ತಟ್ಟಿ, "ಇಪ್ಪತ್ತು ವರ್ಷದಿಂದ ಈ ಮಾತ್ರೆ ಮಾರ್ತಿದ್ದೀನಿ. ಇಷ್ಟು ಗಟ್ಟಿಯಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ," ಅಂದಳು. ಎಷ್ಟೋ ಜನ ಪಕ್ಕದ ಬೀದಿಯವರ ಕಣ್ಣಿಗೆ ಬೀಳಬಾರದೆಂದು ಊರಾಚೆಯಿಂದ ಬಂದು ಅವಳ ಬಳಿ ಕೊಳ್ಳುತ್ತಾರಂತೆ. ಅವರು ಬಾಯಿಬಿಟ್ಟು ಕೇಳದಿದ್ದರೂ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ. ಸ್ಟಾಕ್ ಕಡಿಮೆಯಾದರೆ ಫೋನ್ ಮಾಡಿ ತಿಳಿಸುತ್ತಾಳೆ. ನಾನು ಅವಳನ್ನು ಬರೀ ವ್ಯಾಪಾರದವಳು ಅಂದುಕೊಂಡಿದ್ದೆ.

ಜೂನ್ 27, ಶುಕ್ರವಾರ

ಸೊಸೆಗೆ ಹೊಸ ಮಾತ್ರೆಯಿಂದ ಬೆಳಿಗ್ಗೆ ಸ್ವಲ್ಪ ಮಂಪರು. ಚಹಾ ನಾನೇ ಮಾಡಿದೆ. ಕುಡಿದು, "ಮಾವ, ಇದಕ್ಕೆ ಪುಡಿ ಹಾಕಿದ್ರಾ?" ಅಂದಳು. ಮರೆತಿದ್ದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಜುಲೈ 2, ಬುಧವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಸೊಸೆ ರಜೆ ಮುಗಿಸಿ ಕೆಲಸಕ್ಕೆ ಹೋಗುವ ದಿನ. "ನೀವೂ ಬನ್ನಿ, ಜೊತೆಗಿದ್ರೆ ಧೈರ್ಯ," ಅಂದಳು. ಕನ್ನಡಕದ ಅಂಗಡಿಯ ಯಜಮಾನ ದಪ್ಪಗಿನ ಮನುಷ್ಯ, ಎರಡು ಕನ್ನಡಕ ಇಟ್ಟುಕೊಂಡಿದ್ದಾನೆ, ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ಅವನಲ್ಲದೆ ಕೆಲಸದವರು ಮೂವರು. ಗಿರಾಕಿಗಳು ಬರುವ ಮುಂಚೆ ಅವಳು ಎಲ್ಲರನ್ನೂ ಕರೆದಳು. ಕೈ ಉಳುಕಿದ ಕಥೆ ಹೇಳುತ್ತಾಳೆಂದು ನಾನಿದ್ದೆ.

"ನನಗೆ ಫಿಟ್ಸ್ ಇದೆ," ಅಂದಳು. "ನಾಲ್ಕು ವರ್ಷ ಬಂದಿರಲಿಲ್ಲ, ಹೋದ ತಿಂಗಳು ಬಂತು. ಮಾತ್ರೆ ಬದಲಾಗಿದೆ. ಮೂರು ತಿಂಗಳು ಚಕ್ರದ ಹತ್ರ ಹೋಗಲ್ಲ. ಕೌಂಟರಿನಲ್ಲಿ ಬೇಕಾದ್ರೆ ಕೂರ್ತೀನಿ. ಇಲ್ಲಿಯವರೆಗೆ ಮುಚ್ಚಿಟ್ಟಿದ್ದು ನನ್ನ ತಪ್ಪು. ಕೆಲಸ ಬಿಡು ಅಂದ್ರೆ ಬಿಡ್ತೀನಿ."

ಯಜಮಾನನ ಹಣೆಯ ಕನ್ನಡಕ ಮೂಗಿಗೆ ಇಳಿಯಿತು. ಒಬ್ಬಳು ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದದ್ದು ನಾನು ನೋಡಿದೆ. ಇವಳೂ ನೋಡಿದಳು. ನೋಡಿ, ಅವಳನ್ನೇ ಕರೆದಳು.

"ಬಾ ಇಲ್ಲಿ. ನಾನು ಬಿದ್ರೆ ಏನ್ ಮಾಡ್ತೀಯಾ?"

"ಬಾಯಿಗೆ ಚಮಚ ಇಡಬೇಕು ಅಂತಾರೆ..."

"ಇಡಬಾರದು, ಹಲ್ಲು ಮುರಿಯುತ್ತೆ. ತಾಳು, ತೋರಿಸ್ತೀನಿ."

ಹಾಗೆಂದವಳೇ ಬ್ಯಾಗ್ ಪಕ್ಕಕ್ಕಿಟ್ಟು, ಬಟ್ಟೆ ಸರಿಮಾಡಿಕೊಂಡು, ಅಂಗಡಿಯ ನೆಲದ ಮೇಲೆ ಮಲಗಿಬಿಟ್ಟಳು! ಸುತ್ತ ಕನ್ನಡಿಗಳು. ಎಲ್ಲ ಕನ್ನಡಿಯಲ್ಲೂ ಮಲಗಿರುವ ನಮ್ಮ ಹುಡುಗಿ. "ಭುಜ ಹಿಡಿ, ಸೊಂಟ ಹಿಡಿ, ನಿನ್ನ ಕಡೆಗೆ ಹೊರಳಿಸು. ಹಾಂ. ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡು. ಗಡಿಯಾರ ನೋಡು. ಕೈಕಾಲು ಬಿಗಿಯಾಗಿ ಹಿಡೀಬೇಡ, ನೀರು ಕುಡಿಸಬೇಡ. ಐದು ನಿಮಿಷ ದಾಟಿದ್ರೆ ಆ್ಯಂಬುಲೆನ್ಸ್. ಅಷ್ಟೇ. ನಮ್ಮ ಮಾವ ಒಬ್ಬರೇ ಮಾಡಿದ್ದಾರೆ, ಕೇಳಿ ಬೇಕಾದ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ತಲೆಯಾಡಿಸಿದೆ.

ಆಮೇಲೆ ಒಬ್ಬೊಬ್ಬರೂ ಅವಳನ್ನು ಹೊರಳಿಸಿ ಕಲಿತರು. ಕೊನೆಗೆ ಯಜಮಾನ ಏದುಸಿರು ಬಿಡುತ್ತಾ ಮಂಡಿಯೂರಿದ. ಹೊರಳಿಸುವುದನ್ನೇನೋ ಕಲಿತ, ತಾನು ಏಳುವುದಕ್ಕೆ ಇಬ್ಬರು ಕೈ ಕೊಡಬೇಕಾಯಿತು. ಎದ್ದು ಧೂಳು ಕೊಡವಿಕೊಂಡು, "ನನ್ನ ತಮ್ಮನಿಗೂ ಇದೇ ಇತ್ತು," ಅಂದ. "ನಮ್ಮಪ್ಪ ಅವನನ್ನ ಮನೆಯಿಂದ ಹೊರಗೆ ಬಿಡ್ತಿರಲಿಲ್ಲ." ಜಾರಿದ ಕನ್ನಡಕವನ್ನು ಮತ್ತೆ ಹಣೆಗೇರಿಸಿ, "ಕೌಂಟರಿನಲ್ಲಿ ಕೂತ್ಕೋಮ್ಮ. ಚಕ್ರಕ್ಕೆ ನಿನ್ನಂಥ ಕೈ ಇನ್ನೊಂದು ಸಿಗಲ್ಲ, ಮೂರು ತಿಂಗಳು ಕಾಯ್ತೀನಿ," ಅಂದ.

ಹಿಂದೆ ಸರಿದಿದ್ದ ಹುಡುಗಿ ಇವಳ ಬೆನ್ನಿನ ಧೂಳು ಒರೆಸುತ್ತಿದ್ದಳು.

ನಾನು ಎಷ್ಟೋ ಧೈರ್ಯವಂತರನ್ನು ನೋಡಿದ್ದೇನೆ. ಬ್ರೇಕ್ ಹೋದ ಬಸ್ಸನ್ನು ಇಳಿಜಾರಿನಲ್ಲಿ ನಿಲ್ಲಿಸಿದ ಡ್ರೈವರನ್ನೂ ನೋಡಿದ್ದೇನೆ. ಅವನಿಗೆ ಬೇರೆ ದಾರಿ ಇರಲಿಲ್ಲ. ಇವಳಿಗೆ ಕೈ ಉಳುಕಿದೆ ಅನ್ನುವ ದಾರಿ ಇತ್ತು.

ಜುಲೈ 5, ಶನಿವಾರ

ರಕ್ತ ಪರೀಕ್ಷೆಯ ವರದಿ ಬಂತು. ಔಷಧಿ ಎಷ್ಟಿರಬೇಕೋ ಅಷ್ಟಿದೆ. ಡಾಕ್ಟರ್ ಹಳೆಯ ಕಡತ ತೆಗೆದು, ಹೋದ ವರ್ಷ ನೀಲಿ ಡಬ್ಬಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗಿನ ಅಂಕಿಯನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಹೆಚ್ಚುಕಡಿಮೆ ಒಂದೇ.

ಬರುವ ದಾರಿಯಲ್ಲಿ ಇನ್‌ಸ್ಪೆಕ್ಟರಮ್ಮನಿಗೆ ವರದಿ ತೋರಿಸಿ, "ಅಳತೆ ಸರಿ ಇದೆ," ಅಂದೆ. ಅವಳು ಮುಖ ಗಂಭೀರ ಮಾಡಿಕೊಂಡು, "ಹಾಗಾದ್ರೆ ಹಾಕ್ಕೊಳ್ಳಿ ಯಜಮಾನ್ರೇ," ಅಂದಳು.

ಜುಲೈ 19, ಶನಿವಾರ

ಆ ಸಂದಿಯವನನ್ನು ಹಿಡಿದರಂತೆ. ನಾಲ್ಕು ಪೆಟ್ಟಿಗೆ ಸಿಕ್ಕಿವೆ. ಸಕ್ಕರೆ ಕಾಯಿಲೆಯದ್ದೂ ಇತ್ತಂತೆ, ಹೃದಯದ್ದೂ. ನಮ್ಮ ಹುಡುಗಿ ತಡೆಯದಿದ್ದರೆ ನಾನು ತಂದ ಡಬ್ಬಿ ಕಸದಲ್ಲಿರುತ್ತಿತ್ತು, ಅವನು ಸಂದಿಯಲ್ಲೇ ಇರುತ್ತಿದ್ದ. ಕಚೇರಿಯವರು ಫೋನಿನಲ್ಲಿ ಅಭಿನಂದನೆ ಹೇಳಿದರೆ ಇವಳು, "ಮಾರಿದವನ ಮುಖದ ಗುರುತು ನಮ್ಮ ಮಾವ ಬರೆಸಿದ್ದು," ಅಂತ ಪಾಲು ನನಗೂ ಹಂಚಿದಳು. ನನಗೆ ಅದರಲ್ಲಿ ಪಾಲು ಬೇಡ. ಆದರೂ ಆ ಮಾತಿಗೆ ಹಿಗ್ಗಿದ್ದು ಸುಳ್ಳಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಎಷ್ಟು ದಿನವಾಯಿತು ಬರೆದು! ಬರೆಯುವಂಥದ್ದು ಏನೂ ಆಗಿಲ್ಲ, ಅದಕ್ಕೇ. ಸಾಯಂಕಾಲ ಅವಳು ಬರುವ ಹೊತ್ತಿಗೆ ಚಹಾ, ಆಮೇಲೆ ಮಾತು. ಮಾತಿನಲ್ಲೇ ಊಟದ ಹೊತ್ತಾಗುತ್ತದೆ, ಬರೆಯಲು ಸಮಯ ಎಲ್ಲಿ.

ಇವತ್ತು ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲೆ ನೀಲಿ ಡಬ್ಬಿಗಳ ಸಾಲು. ಕಂಪನಿಯ ಫ್ಯಾಕ್ಟರಿ ಮತ್ತೆ ಶುರುವಾಗಿದೆ. ಅಸಲಿ ಮಾಲು, ಬಿಲ್ಲಿನ ಸಮೇತ. "ತಗೊಂಡು ಹೋಗ್ತೀರಾ?" ಅಂದಳು.

"ನನ್ನನ್ನ ಕೇಳಿದ್ರೆ? ಅವಳನ್ನ ಕೇಳಿ."

ಸಾಯಂಕಾಲ ನಮ್ಮ ಹುಡುಗಿ ಬಂದ ಮೇಲೆ ವಿಷಯ ಹೇಳಿದೆ. ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಯಾವುದಾದರೂ ಸರಿ, ನಿಮ್ಮ ಇಷ್ಟ ಎಂದರಂತೆ. ಫೋನ್ ಇಟ್ಟು ನನಗೆ ಹೇಳಿದಳು: "ಇದರಲ್ಲೇ ಸರಿಯಾಗಿದ್ದೀನಿ ಮಾವ. ಬದಲಾಯಿಸಲ್ಲ. ಆ ಡಬ್ಬಿ ಅದನ್ನೇ ಕಾಯ್ತಾ ಇರೋರಿಗೆ ಸಿಗಲಿ."

ಸೆಪ್ಟೆಂಬರ್ 18, ಗುರುವಾರ

ಮೂರು ತಿಂಗಳಾಯಿತು. ಡಾಕ್ಟರ್ ಒಪ್ಪಿದರು. ಸೋಮವಾರ ಕಳೆದು ಅದರ ಮುಂದಿನ ಸೋಮವಾರದಿಂದ ಚಕ್ರದ ಮುಂದೆ. ಅದಕ್ಕೆ ಮುಂಚೆ ಒಂದು ವಾರ ಗಂಡನನ್ನು ನೋಡಿ ಬರುತ್ತಾಳಂತೆ. ರೈಲಿನಲ್ಲಿ ಒಂದು ಹಗಲಿನ ದಾರಿ. "ಜೊತೆಗೆ ಬರಲಾ?" ಅಂತ ಕೇಳಿದೆ. "ಬೇಡ ಮಾವ, ಒಬ್ಬಳೇ ಹೋಗಿ ಎಷ್ಟೋ ವರ್ಷ ಆಯ್ತು. ಹೋಗಬೇಕು ಅನ್ನಿಸ್ತಿದೆ," ಅಂದಳು. ಸರಿ ಅಂದೆ.

ಸೆಪ್ಟೆಂಬರ್ 20, ಶನಿವಾರ

ಬೆಳಿಗ್ಗೆ ರೈಲು ಹತ್ತಿಸಿ ಬಂದೆ. ಎದುರು ಸೀಟಿನ ಹೆಂಗಸಿಗೆ ನಾನು ಏನೂ ಹೇಳಬೇಕಾಗಲಿಲ್ಲ. ರೈಲು ಹೊರಡುವ ಮುಂಚೆಯೇ ಇವಳು ಅವಳಿಗೆ ಎಲ್ಲ ಹೇಳಿ ಮುಗಿಸಿ, ಇಬ್ಬರೂ ಹರಟುತ್ತಾ ಕೂತಿದ್ದರು. ಕಿಟಕಿಯಿಂದ ಕೈ ಬೀಸಿದಳು.

ಮನೆ ಬಿಕೋ ಅನ್ನುತ್ತಿತ್ತು. ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ ಎರಡನ್ನೂ ನಾನೇ ಕುಡಿದೆ.

ಸಾಯಂಕಾಲ ಆರಕ್ಕೆ ಮಗನ ಫೋನ್. "ಅಪ್ಪ, ಬಂದು ಸೇರಿದ್ಲು, ಆರಾಮಾಗಿದ್ದಾಳೆ." ಅವನು ಇನ್ನೂ ಏನೋ ಹೇಳುತ್ತಿದ್ದ, ಅವಳ ಕೈಗೆ ಫೋನ್ ಕೊಡು ಅಂದೆ. ಅವಳು ಬಂದಳು. ಸೇತುವೆ ನೋಡಿದಳಂತೆ, ನದಿಯ ಅರ್ಧದವರೆಗೆ ಬಂದಿದೆಯಂತೆ. ಕೆಲಸಗಾರರ ಮೇಸ್ತ್ರಿಯ ಕನ್ನಡಕ ಮುರಿದಿತ್ತಂತೆ, ಇವಳು ಹೋದ ಹತ್ತೇ ನಿಮಿಷಕ್ಕೆ ತಂತಿ ಬಗ್ಗಿಸಿ ಸರಿ ಮಾಡಿಕೊಟ್ಟಳಂತೆ. ರೈಲಿನ ಹೆಂಗಸಿನ ಇಡೀ ಸಂಸಾರದ ಕಥೆ ಹೇಳಿದಳು. ನಾನು ಪಕ್ಕದ ಮನೆಯ ಬೆಕ್ಕು ಹಾಲು ಕುಡಿದು ಹೋದದ್ದನ್ನು ಹೇಳಿದೆ. ನಗಾಡಿದೆವು. ಮುಕ್ಕಾಲು ಗಂಟೆ ಮಾತಾಡಿರಬೇಕು.

ಫೋನ್ ಇಟ್ಟ ಮೇಲೆ ಜ್ಞಾಪಕಕ್ಕೆ ಬಂತು, ಮಗ ಹೇಗಿದ್ದಾನೆಂದು ಕೇಳಲೇ ಇಲ್ಲ.